ಅದಕ್ಕೆ ಮುಂಚಿನ ಮಾತು

ಮುಸಫ್ಫಾ, ಅಬುಧಾಬಿ
19 ಅಕ್ಟೋಬರ್ 2024

ಲವಿ ಬಾಯೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾವು ಕೊಂಕಣಿಯಲ್ಲಿ ಶುರು ಮಾಡುತ್ತೇವೆ, ನನ್ನ ಸ್ವರ ಏರುತ್ತದೆ, ನೀನು ಇಂಗ್ಲಿಷಿಗೆ ಹಾರುತ್ತೀ, ಅಲ್ಲಿಗೆ ಖಲಾಸ್. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಶಾಲೆಯಲ್ಲಿ ಓದಿದ್ದೆಲ್ಲ ಕನ್ನಡದಲ್ಲೇ. ನೀನೂ ಮಂಗಳೂರಲ್ಲಿ ಪಿಯುಸಿವರೆಗೆ ಕನ್ನಡ ತೆಗೆದುಕೊಂಡವಳು. ಈ ಭಾಷೆಯಲ್ಲಿ ನಾವಿಬ್ಬರೂ ಇನ್ನೂ ಜಗಳ ಆಡಿಲ್ಲ.

ಇಲ್ಲಿ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬರುವ ಪದ್ಧತಿ ಇಲ್ಲವಲ್ಲ, ನಮ್ಮ ಕಂಪನಿಯ ಪಿಕಪ್ ಓಡಿಸುವ ಅದ್ದು ಎಂಬವನು ಸಾಮಾನು ತರಲು ಆಗಾಗ ದುಬೈಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಉಳ್ಳಾಲದವನು, ಬಾಯಿ ದೊಡ್ಡದು, ಮನುಷ್ಯ ಒಳ್ಳೆಯವನು. ಲಕೋಟೆ ಅಂಟಿಸಿಯೇ ಕೊಟ್ಟಿದ್ದೇನೆ.

ನನಗೆ ಅರ್ಥವಾದದ್ದು ಇಷ್ಟು. ಯೂನಿವರ್ಸಿಟಿಯಿಂದ ಫೋನ್ ಬಂತು. ನಿಮ್ಮ ಮಗಳ ಮನಸ್ಸಿಗೆ ಹುಷಾರಿಲ್ಲ, ಡಾಕ್ಟರು ಬರೆದುಕೊಡುವವರೆಗೆ ಹಾಸ್ಟೆಲ್‌ನಲ್ಲಿ ಇರಿಸಿಕೊಳ್ಳುವ ಹಾಗಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಯಾವ ಮನೆಗೆ? ನನ್ನದು ಕಂಪನಿಯ ರೂಮು, ಇನ್ನಿಬ್ಬರ ಜೊತೆ. ಗೇಟಿನಲ್ಲೇ ಹೆಂಗಸರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದ್ದಾರೆ. ನಿನ್ನ ಮಮ್ಮಿ ಮಂಗಳೂರಲ್ಲಿ, ತಮ್ಮನ ಹತ್ತನೇ ತರಗತಿ ನೋಡಿಕೊಂಡು. ಬೇರೆ ದಾರಿ ಕಾಣದೆ ಮಮ್ಮಿಯ ಕಸಿನ್ ಪರ್ಲ್‌ಳ ಬರ್ ದುಬೈ ಫ್ಲ್ಯಾಟಿಗೆ ನಿನ್ನನ್ನು ಬಿಟ್ಟು ಬಂದೆ.

ಅಲ್ಲಿ ಮೊದಲು ಸರಿಯಾಗಿಯೇ ಮಾತಾಡುತ್ತಿದ್ದೆ. ಈಗ ನಿಲ್ಲಿಸಿದ್ದೀ. ಪರ್ಲ್‌ಳನ್ನು ಕೇಳಿದರೆ ‘ಹುಡುಗಿ ಸ್ವಲ್ಪ ಮೂಡಿ’ ಎನ್ನುತ್ತಾಳೆ. ಏನಾಯಿತು ಎಂದು ನೀನೇ ಹೇಳು.

ನಿನ್ನ
ಪಪ್ಪಾ


ಬರ್ ದುಬೈ
24 ಅಕ್ಟೋಬರ್ 2024

ಪಪ್ಪಾ,

ನಿಮಗೆ ನಿಜವಾಗಿ ಗೊತ್ತಿಲ್ಲವೇ?

ಅಕ್ಟೋಬರ್‌ನಲ್ಲಿ ಪರ್ಲ್ ಆಂಟಿಯ ಮನೆಯಲ್ಲಿ ಜಪಸರದ ಪ್ರಾರ್ಥನೆ ಇರುತ್ತದೆ. ಹಾಲ್ ತುಂಬ ಜನ, ಸೋಫಾ ಸಾಲದೆ ಮಕ್ಕಳು ನೆಲದ ಮೇಲೆ. ನಾನು ಅಡುಗೆಮನೆಯ ಬಾಗಿಲ ಹತ್ತಿರ ಕುಳಿತಿದ್ದೆ. ಜಪ ಮುಗಿದು ಕೋರಿಕೆಗಳು ಶುರುವಾದವು. ಒಬ್ಬರ ಮೊಣಕಾಲು, ಒಬ್ಬರ ವೀಸಾ, ಒಬ್ಬರ ಸೊಸೆಯ ಹೆರಿಗೆ. ಆಮೇಲೆ ಆಂಟಿ ಕಣ್ಣು ಮುಚ್ಚಿಕೊಂಡು, ನಮ್ಮ ಲವಿಟಾಳಿಗಾಗಿ ಎಂದರು. ಅವಳ ಮನಸ್ಸಿನ ಕಾಯಿಲೆ ವಾಸಿಯಾಗಲಿ, ಬದುಕು ಬೇಡ ಎನ್ನುವ ಕೆಟ್ಟ ಯೋಚನೆ ಅವಳನ್ನು ಬಿಟ್ಟು ಹೋಗಲಿ, ಅವಳ ತಂದೆ ಕ್ಲಾರೆನ್ಸ್ ಕೇಳಿಕೊಂಡಿದ್ದಾರೆ ಎಂದರು. ಎಲ್ಲರೂ ಒಟ್ಟಿಗೆ ಆಮೆನ್ ಅಂದರು. ನಾನೂ ಅಂದೆ, ಅಭ್ಯಾಸ.

ಆಮೇಲೆ ಎಲ್ಲರೂ ಸಾಲಾಗಿ ಬಂದು ತಲೆ ಮುಟ್ಟಿದರು. ಒಬ್ಬರು ‘ಹುಡುಗನ ವಿಷಯವಾ ಬಾಯೆ?’ ಎಂದು ಕಿವಿಯಲ್ಲಿ ಕೇಳಿದರು. ಇನ್ನೊಬ್ಬರು, ಮೊಬೈಲ್ ಕಡಿಮೆ ನೋಡು, ಬೆಳಿಗ್ಗೆ ಎದ್ದು ಬಿಸಿನೀರು ಕುಡಿ ಎಂದರು. ಅಲ್ಲಿ ನನ್ನ ಕ್ಲಾಸಿನ ಆಶ್ಲೆಯ ತಾಯಿಯೂ ಇದ್ದರು. ಮರುದಿನ ಆಶ್ಲೆ ಮೆಸೇಜು ಹಾಕಿದ, ಆರ್ ಯು ಓಕೆ ಎಂದು, ಜೊತೆಗೊಂದು ಹೂವಿನ ಚಿತ್ರ. ಅವನು ಒಳ್ಳೆಯವನೇ. ಆದರೆ ಅವನಿಗೆ ಗೊತ್ತಾಯಿತು ಎಂದರೆ ಕ್ಲಾಸಿಗೆ ಗೊತ್ತಾಯಿತು.

ಯೂನಿವರ್ಸಿಟಿ ಅವರು ನಾನು ಹೇಳಿದ್ದನ್ನು ಕೇಳಿ ನನ್ನ ರೂಮು ತೆಗೆದುಕೊಂಡರು. ನೀವು ಅದನ್ನು ಊರಿಗೆಲ್ಲ ಹಂಚಿದಿರಿ. ಇನ್ನು ಯಾರ ಹತ್ತಿರ ಏನು ಹೇಳಲಿ?

ಮಮ್ಮಿಗೂ ಹೇಳಿ ಆಗಿದೆಯೇ? ಆಗಿದ್ದರೆ ಈ ಪತ್ರಕ್ಕೆ ಉತ್ತರ ಬೇಡ.

ಲವಿಟಾ


ಮುಸಫ್ಫಾ
27 ಅಕ್ಟೋಬರ್ 2024

ಲವಿ,

ಮಮ್ಮಿಗೆ ಹೇಳಿಲ್ಲ. ನೀನು ಹೇಳಿ ಎನ್ನುವವರೆಗೆ ಹೇಳುವುದೂ ಇಲ್ಲ.

ಪರ್ಲ್‌ಗೆ ಫೋನ್ ಮಾಡಿ ಪ್ರಾರ್ಥನೆ ಮಾಡಿಸು ಎಂದದ್ದು ನಾನೇ. ಹೆದರಿದ್ದೆ. ನಮ್ಮವರಲ್ಲಿ ಕಷ್ಟ ಬಂದರೆ ಹೆಸರು ಹಿಡಿದು ಬೇಡಿಕೊಳ್ಳುವುದು ರೂಢಿ. ಹೆಸರಿಲ್ಲದಿದ್ದರೆ ದೇವರಿಗೆ ವಿಳಾಸ ಸಿಗುವುದಿಲ್ಲ ಎಂದುಕೊಂಡವನ ಹಾಗೆ ನಡೆದುಕೊಂಡೆ. ಮೊಣಕಾಲಿಗೆ ಮಾಡಿಸುವುದನ್ನು ಇದಕ್ಕೂ ಮಾಡಿಸಿದೆ. ನೀನು ಅದೇ ಹಾಲ್‌ನಲ್ಲಿ ಕುಳಿತಿರುತ್ತೀ ಎಂಬುದು ತಲೆಗೇ ಹೋಗಲಿಲ್ಲ. ತಪ್ಪಾಯಿತು ಮಗಳೇ. ಅದು ತಪ್ಪಾಯಿತು, ಮಮ್ಮಿಯ ಕಿವಿಗೆ ಇದನ್ನು ಹಾಕಬೇಡ ಎಂದು ಪರ್ಲ್‌ಗೂ ಹೇಳಿದ್ದೇನೆ. ಅವಳು ಅತ್ತಳು, ಒಳ್ಳೆಯದಕ್ಕೇ ಮಾಡಿದ್ದು ಎಂದಳು. ಅದು ನಿಜವೇ, ಆದರೆ ನಿನಗೆ ಅದರಿಂದ ಏನೂ ಪ್ರಯೋಜನ ಆಗಿಲ್ಲ.

ಹಾಸ್ಟೆಲ್‌ನಿಂದ ಸಾಮಾನು ತಂದ ದಿನ ನಿನ್ನ ದಿಂಬು ನನ್ನ ಚೀಲದಲ್ಲಿ ಉಳಿದಿತ್ತು. ಅದ್ದು ಕೈಯಲ್ಲಿ ಕಳಿಸಿದ್ದೇನೆ. ಕಂಪನಿಯ ಯಾರ್ಡಿನ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಊರಲ್ಲಿ ನಮ್ಮವರನ್ನು ಕರೆಯುವ ಹಾಗೆ ‘ಪೊರ್ಬುಲೆ, ಎಲ್ಲದಕ್ಕೂ ನಿಮ್ಮದೊಂದು ರೂಲು, ಈ ದಿಂಬಿಗೆ ಹೆಲ್ಮೆಟ್ ಬೇಡವಾ’ ಎಂದು ತಮಾಷೆ ಮಾಡಿದ. ಸೇಫ್ಟಿ ಆಫೀಸರ್‌ನ ಹಣೆಬರಹ ಇಷ್ಟೇ.

ನಿನ್ನ
ಪಪ್ಪಾ


ಬರ್ ದುಬೈ
14 ನವೆಂಬರ್ 2024

ಪಪ್ಪಾ,

ದಿಂಬು ತಲುಪಿತು. ಉತ್ತರ ಬರೆಯಲು ತಡವಾಯಿತು, ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಹೇಗೆ ಶುರುವಾಯಿತು ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ದೊಡ್ಡದೇನೂ ಆಗಿರಲಿಲ್ಲ. ಸೆಪ್ಟೆಂಬರ್‌ನಿಂದ ಬೆಳಿಗ್ಗೆ ಏಳುವುದು ಕಷ್ಟವಾಯಿತು. ಎದ್ದರೆ ಹಲ್ಲುಜ್ಜುವುದು ಕಷ್ಟ. ಫಾರ್ಮಸಿ ಲ್ಯಾಬ್ ತಪ್ಪಿತು. ಅಟೆಂಡೆನ್ಸ್ ಕಡಿಮೆ ಎಂದು ಈಮೇಲ್ ಬಂತು, ಆಮೇಲೆ ಇನ್ನೊಂದು, ಅದಕ್ಕಿಂತ ಗಟ್ಟಿಯಾದದ್ದು. ಅದೇ ವಾರ ಬೇರೆ ಆಫೀಸಿನಿಂದ ‘ನಿಮ್ಮ ಮನಸ್ಸು ನಮಗೆ ಮುಖ್ಯ, ಬನ್ನಿ ಮಾತಾಡೋಣ’ ಎಂಬ ಈಮೇಲ್. ಎರಡನ್ನೂ ಕಳಿಸಿದ್ದು ಒಂದೇ ಯೂನಿವರ್ಸಿಟಿ, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. ನಾನು ಎರಡನೆಯದನ್ನು ನಂಬಿ ಹೋದೆ.

ಕೌನ್ಸೆಲರ್ ಮಿಸ್ ರೀಮ್, ಜೋರ್ಡಾನಿನವರು. ನಿಧಾನವಾಗಿ ಮಾತಾಡುತ್ತಾರೆ, ಗಡಿಯಾರ ನೋಡುವುದಿಲ್ಲ. ಮೊದಲ ಸಲ ಹೋದಾಗ ಹಗುರವಾಯಿತು. ಮುಂದಿನ ಸಲ ಕೇಳಿದರು, ಬೆಳಿಗ್ಗೆ ಕಣ್ಣು ಬಿಡದೇ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಯಾವಾಗಲಾದರೂ ಅನಿಸಿದೆಯೇ ಎಂದು. ನಿಜ ಹೇಳಲು ತಾನೇ ಹೋದದ್ದು, ಕೆಲವು ಸಲ ಹೌದು ಎಂದೆ. ಅವರ ಮುಖ ಬದಲಾಯಿತು. ನಾನು ಇದನ್ನು ಮೇಲೆ ತಿಳಿಸಲೇಬೇಕು, ಕ್ಷಮಿಸು ಎಂದರು. ಅದೇ ಸಂಜೆ ಹಾಸ್ಟೆಲ್‌ನ ಇಬ್ಬರು ಹೆಂಗಸರು ಬಂದು ನನ್ನ ಬಟ್ಟೆ ಮಡಿಸಲು ಸಹಾಯ ಮಾಡಿದರು. ಬಹಳ ಮರ್ಯಾದೆಯಿಂದ. ನೀರು ಬೇಕಾ, ಜ್ಯೂಸ್ ಬೇಕಾ ಎಂದು ಕೇಳುತ್ತಲೇ ಇದ್ದರು. ಕಾರಿಡಾರ್‌ನಲ್ಲಿ ಎಲ್ಲ ಬಾಗಿಲುಗಳೂ ಸ್ವಲ್ಪ ಸ್ವಲ್ಪ ತೆರೆದಿದ್ದವು.

ಪಪ್ಪಾ, ನಾನು ಏನೂ ಮಾಡಿಕೊಂಡಿರಲಿಲ್ಲ. ಮಾಡಿಕೊಳ್ಳುವ ಉಪಾಯವೂ ಇರಲಿಲ್ಲ. ಅನಿಸಿದ್ದನ್ನು ಹೇಳಿದೆ ಅಷ್ಟೇ.

ಈಗ ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ತೆಗೆದುಕೊಳ್ಳುತ್ತಿದ್ದೇನೆ. ಸಂಜೆ ಅಬ್ರಾ ಹತ್ತಿ ಕ್ರೀಕ್ ದಾಟುತ್ತೇನೆ, ಆಚೆ ದಡದಲ್ಲಿ ಇಳಿದು ಮುಂದಿನ ದೋಣಿಯಲ್ಲಿ ವಾಪಸು. ದೋಣಿಯವನಿಗೆ ನನ್ನ ಗುರುತಾಗಿದೆ, ಏನೂ ಕೇಳುವುದಿಲ್ಲ. ಸದ್ಯಕ್ಕೆ ದುಬೈಯಲ್ಲಿ ನನಗೆ ಅತ್ಯಂತ ಇಷ್ಟವಾದ ಮನುಷ್ಯ ಅವನು.

ಲವಿ


ಮುಸಫ್ಫಾ
30 ನವೆಂಬರ್ 2024

ಲವಿ ಬಾಯೆ,

ಮೊನ್ನೆ ಡೀನ್ ಕರೆದ ಮೀಟಿಂಗಿನಲ್ಲಿ ನಿನ್ನನ್ನು ಹೊರಗೆ ಕೂರಿಸಿ ಮೊದಲು ನನ್ನೊಬ್ಬನ ಜೊತೆ ಮಾತಾಡಿದರಲ್ಲ, ಅಲ್ಲಿ ಏನಾಯಿತು ಎಂದು ಹೇಳಬೇಕು. ನಿನ್ನ ವಿಷಯ ನಿನ್ನ ಬೆನ್ನ ಹಿಂದೆ ಇರುವುದು ಇನ್ನು ಸಾಕು.

ಡೀನ್ ಕೆಟ್ಟವರಲ್ಲ. ಕಾಫಿ ತರಿಸಿದರು. ನನಗೂ ಮಗಳಿದ್ದಾಳೆ ಎಂದರು. ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಡಾಕ್ಟರಿಲ್ಲ, ನರ್ಸಿಲ್ಲ, ಇರುವುದು ಒಬ್ಬಳು ವಾರ್ಡನ್. ಏನಾದರೂ ಆದರೆ ನಾವು ನಿಮ್ಮ ಮುಖ ನೋಡುವುದು ಹೇಗೆ ಎಂದರು. ಆ ಮಾತು ನನಗೆ ಅರ್ಥವಾಯಿತು. ನಾನೂ ದಿನಾ ಬೆಳಿಗ್ಗೆ ಯಾರ್ಡಿಗೆ ಕಾಲಿಡುವಾಗ ಇವತ್ತು ನನ್ನ ಪಾಳಿಯಲ್ಲಿ ಏನೂ ಆಗದಿರಲಿ ಎಂದೇ ಬೇಡಿಕೊಳ್ಳುವವನು. ಅವರಿಗೂ ಹೆದರಿಕೆ. ಹೆದರಿದವರು ಮಾಡುವುದು ಒಂದೇ, ಹೆದರಿಸುವ ವಸ್ತುವನ್ನು ಗೇಟಿನ ಹೊರಗೆ ಇಡುವುದು.

ನನ್ನ ನಾಲಿಗೆ ತುದಿಯಲ್ಲಿ ಒಂದು ಮಾತಿತ್ತು. ಹೇಳಲಿಲ್ಲ. ಮದುವೆಯ ಕೋಟು ಹಾಕಿಕೊಂಡು ಹೋಗಿದ್ದೆ, ಅದು ಕಂಕುಳಲ್ಲಿ ಬಿಗಿ. ಥ್ಯಾಂಕ್ಯೂ ಸರ್ ಎಂದು ಎದ್ದು ಬಂದೆ.

ಜನವರಿಯಿಂದ ನಿನಗೆ ರೂಮು ಕೊಡುತ್ತಾರಂತೆ. ಡಾಕ್ಟರ ಸರ್ಟಿಫಿಕೇಟ್ ತರಬೇಕು, ವಾರಕ್ಕೊಮ್ಮೆ ಮಿಸ್ ರೀಮ್ ಅವರನ್ನು ನೋಡಬೇಕು. ನಿನಗೆ ಒಪ್ಪಿಗೆಯೇ?

ನಿನ್ನ
ಪಪ್ಪಾ


ಬರ್ ದುಬೈ
5 ಡಿಸೆಂಬರ್ 2024

ಪಪ್ಪಾ,

ನೀವು ಥ್ಯಾಂಕ್ಯೂ ಸರ್ ಎಂದದ್ದು ಹೊರಗೆ ಕುಳಿತ ನನಗೂ ಕೇಳಿಸಿತು. ಒಂದು ಸಲ ಅಲ್ಲ. ಬಾಗಿಲಿಗೂ ಒಂದು ಥ್ಯಾಂಕ್ಯೂ ಹೇಳಿ ಬಂದಿರಿ. ಆ ಕೋಟನ್ನು ದಯವಿಟ್ಟು ಯಾರಿಗಾದರೂ ಕೊಟ್ಟುಬಿಡಿ.

ಒಪ್ಪಿಗೆ. ಹಾಸ್ಟೆಲ್‌ಗೆ ಹೋಗುತ್ತೇನೆ. ಇಲ್ಲಿ ಪರ್ಲ್ ಆಂಟಿ ನನ್ನ ಜೊತೆ ಮಾತಾಡುವಾಗ ಮಲಗಿದ ಮಗುವಿನ ಪಕ್ಕ ಮಾತಾಡುವ ಸ್ವರ ತರುತ್ತಾರೆ. ಸಾಕಾಗಿದೆ.

ಸರ್ಟಿಫಿಕೇಟೂ ಕಷ್ಟವಲ್ಲ. ಈಗ ನನಗೆ ಎಲ್ಲ ಉತ್ತರ ಗೊತ್ತಾಗಿದೆ. ನಿದ್ದೆ ಹೇಗಿದೆ, ಚೆನ್ನಾಗಿದೆ. ಊಟ, ಚೆನ್ನಾಗಿದೆ. ಕೆಟ್ಟ ಯೋಚನೆ, ಇಲ್ಲವೇ ಇಲ್ಲ. ಮಿಸ್ ರೀಮ್ ಕೇಳಿದರೂ ಅದನ್ನೇ ಹೇಳುತ್ತೇನೆ. ನೀವು ಕೇಳಿದರೂ. ಏನು ಹೇಳಬಾರದು ಎಂಬುದನ್ನು ಈ ಸೆಮಿಸ್ಟರ್‌ನಲ್ಲಿ ಕಲಿತೆ. ಬೇರೆ ಯಾವ ಸಬ್ಜೆಕ್ಟಿನಲ್ಲೂ ಪಾಸಾಗದಿದ್ದರೂ ಇದರಲ್ಲಿ ಪಾಸು.

ನಿಮ್ಮ ನಾಲಿಗೆ ತುದಿಯಲ್ಲಿ ಇದ್ದ ಮಾತು ಏನು?

ಲವಿ


ಮುಸಫ್ಫಾ
9 ಡಿಸೆಂಬರ್ 2024

ಲವಿ,

ನಿನ್ನ ಪತ್ರ ಓದಿದೆ. ಯೂನಿವರ್ಸಿಟಿಯ ಫೋನ್ ಬಂದ ದಿನವೂ ನಾನು ಇಷ್ಟು ಹೆದರಿರಲಿಲ್ಲ. ಅವತ್ತು ನೀನು ಬಾಯಿ ಬಿಟ್ಟು ಹೇಳಿದ್ದೆ. ಇನ್ನು ಹೇಳುವುದಿಲ್ಲ ಎನ್ನುತ್ತೀ.

ನಾಲಿಗೆ ತುದಿಯ ಮಾತು ಇದೇ. ನಮ್ಮ ಯಾರ್ಡಿನಲ್ಲಿ ಕಬ್ಬಿಣದ ಅಟ್ಟಣಿಗೆ ಕಟ್ಟಿ ಮೇಲೆ ಕೆಲಸ ಮಾಡುತ್ತಾರೆ. ಮೇಲಿನವನ ಕೈಯಿಂದ ಸ್ಪ್ಯಾನರ್ ಜಾರಿ ಬೀಳುತ್ತದೆ, ಕೆಳಗೆ ಯಾರೂ ಇರಲಿಲ್ಲ ಎಂದಿಟ್ಟುಕೋ. ಯಾರಿಗೂ ಗಾಯವಿಲ್ಲ. ಇದಕ್ಕೆ ನಾವು ನಿಯರ್ ಮಿಸ್ ಎನ್ನುತ್ತೇವೆ. ಅಪಘಾತ ಅಲ್ಲ, ಅದಕ್ಕೆ ಮುಂಚಿನದು. ಬೀಳಿಸಿದವನು ತಾನಾಗಿ ಬಂದು ನನಗೆ ಹೇಳಬೇಕು. ಹೇಳಿದವನಿಗೆ ಬೈಯುವ ಹಾಗಿಲ್ಲ. ಎಲ್ಲಿ ಬಿತ್ತು, ಏನು ಬೇಕು ಎಂದು ಕೇಳುತ್ತೇನೆ, ಅಲ್ಲಿ ಒಂದು ಬಲೆ ಕಟ್ಟಿಸುತ್ತೇನೆ.

ಮುಂಚೆ ನಮ್ಮಲ್ಲೊಬ್ಬ ಸೂಪರ್‌ವೈಸರ್ ಇದ್ದ. ಹಸನಬ್ಬ ಎಂಬ ಫಿಟ್ಟರ್ ಬಂದು, ಸಾರ್, ನನ್ನ ಕೈಯಿಂದ ಸ್ಪ್ಯಾನರ್ ಬಿತ್ತು ಎಂದ. ಸೂಪರ್‌ವೈಸರ್ ಅವನನ್ನು ಕೆಲಸದಿಂದ ಇಳಿಸಿ ರೂಮಿಗೆ ಕಳಿಸಿದ. ಆಮೇಲೆ ಎಷ್ಟೋ ಸಮಯ ಯಾರ್ಡಿನಲ್ಲಿ ಒಂದು ಸ್ಪ್ಯಾನರೂ ಬೀಳಲಿಲ್ಲ. ಸೂಪರ್‌ವೈಸರ್‌ಗೆ ಬಹಳ ಖುಷಿ. ನಿಜ ಏನೆಂದರೆ ಬೀಳುತ್ತಲೇ ಇತ್ತು, ಹೇಳುವವರು ಇರಲಿಲ್ಲ.

ಡೀನ್‌ಗೆ ಇದನ್ನು ಹೇಳಬೇಕೆಂದುಕೊಂಡೆ. ಬಾಯಿ ತೆರೆದವನಿಗೆ ಪರ್ಲ್‌ಳ ಹಾಲ್ ನೆನಪಾಯಿತು. ನಾನು ಮಾಡಿದ್ದೇನು ಕಡಿಮೆಯೇ? ಅದಕ್ಕೇ ಸುಮ್ಮನೆ ಎದ್ದು ಬಂದೆ.

ಸರ್ಟಿಫಿಕೇಟ್ ಕೊಡುವ ಡಾಕ್ಟರಿಗೆ ನೀನು ಏನು ಹೇಳುತ್ತೀಯೋ ನನ್ನ ಕೈಯಲ್ಲಿಲ್ಲ. ನಿಜ ಹೇಳು ಎಂದು ಬೇಡಿಕೊಳ್ಳಬಲ್ಲೆ, ಅಷ್ಟೇ. ನನಗಾದರೂ ಹೇಳು. ಸ್ಪ್ಯಾನರ್ ಬಿದ್ದ ಕೂಡಲೇ ಹೇಳು, ಯಾರ ತಲೆಗೂ ತಾಗುವ ಮುಂಚೆ. ನಾನು ಬೈಯುವುದಿಲ್ಲ, ಪ್ರಾರ್ಥನೆಗೆ ಹೆಸರು ಕೊಡುವುದಿಲ್ಲ, ಯಾರಿಗೂ ಫೋನ್ ಮಾಡುವುದಿಲ್ಲ. ಡಾಕ್ಟರ ಹತ್ತಿರ ಹೋಗಲೇಬೇಕು ಎಂದು ಕಂಡರೆ ಮೊದಲು ನಿನಗೆ ಹೇಳಿ, ನಿನ್ನ ಜೊತೆಯೇ ಬರುತ್ತೇನೆ. ಉಳಿದ ಹೊತ್ತಿನಲ್ಲಿ ಬಂದು ಪಕ್ಕದಲ್ಲಿ ಕೂರುತ್ತೇನೆ. ಏನೂ ಕೇಳದೆ ಕೂರಲು ನನಗೆ ಕಷ್ಟ, ನಿನಗೆ ಗೊತ್ತು. ಅಭ್ಯಾಸ ಮಾಡಿಕೊಳ್ಳುತ್ತೇನೆ.

ನಿನ್ನ
ಪಪ್ಪಾ


ದುಬೈ, ಹಾಸ್ಟೆಲ್
2 ಫೆಬ್ರವರಿ 2025

ಪಪ್ಪಾ,

ಹೊಸ ರೂಮು, ಹಳೆಯ ಕಾರಿಡಾರ್. ಒಬ್ಬಿಬ್ಬರು ಅಪ್ಪಿಕೊಂಡರು, ಉಳಿದವರು ಹವಾಮಾನದ ಬಗ್ಗೆ ಮಾತಾಡಿದರು. ಕ್ಲಾಸಿನಲ್ಲಿ ಆಶ್ಲೆ ತನ್ನ ನೋಟ್ಸ್ ಎಲ್ಲ ಕೊಟ್ಟ, ಆ ವಿಷಯ ಮಾತ್ರ ಎತ್ತಲಿಲ್ಲ. ಅಷ್ಟು ಸಾಕು.

ಈ ವಾರ ಕ್ಯಾಂಪಸ್‌ನಲ್ಲಿ ವೆಲ್‌ನೆಸ್ ವೀಕ್. ಬಲೂನು, ಯೋಗ, ಕಪ್‌ಕೇಕ್, ಸಾಕುನಾಯಿಗಳನ್ನು ಮುಟ್ಟಲು ಒಂದು ಟೆಂಟು. ಹಿಸುಕಲು ಒಂದು ಹಳದಿ ಚೆಂಡು ಕೊಟ್ಟರು, ಅದರ ಮೇಲೆ ‘ಮಾತಾಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಮಾತಾಡಿದ್ದಕ್ಕೆ ರೂಮು ಹೋದವಳು ನಾನು, ಆ ಚೆಂಡು ಹಿಡಿದುಕೊಂಡು ಸಾಲಿನಲ್ಲಿ ನಿಂತು ನಗು ತಡೆಯಲಾಗಲಿಲ್ಲ. ನಾಯಿ ಮಾತ್ರ ಚೆನ್ನಾಗಿತ್ತು.

ಮಿಸ್ ರೀಮ್‌ಗೆ ನಿಮ್ಮ ಸ್ಪ್ಯಾನರ್ ಕಥೆ ಹೇಳಿದೆ. ಕೋಪದಲ್ಲೇ ಹೇಳಿದ್ದು. ಅವರು ಪೂರ್ತಿ ಕೇಳಿದರು. ರೂಲು ಬದಲಾಯಿಸಲು ನನ್ನಿಂದ ಆಗುವುದಿಲ್ಲ, ಬದಲಾಯಿಸಿ ಎಂದು ಕೇಳಿ ಕೇಳಿ ಸೋತಿದ್ದೇನೆ ಎಂದರು. ಆದರೆ ಈಗ ಪ್ರತಿ ಸಲ ಶುರುವಿನಲ್ಲೇ ಹೇಳುತ್ತಾರೆ, ಯಾವ ಮಾತು ಈ ಕೋಣೆಯಲ್ಲೇ ಉಳಿಯುತ್ತದೆ, ಯಾವುದನ್ನು ಹೊರಗೆ ತಿಳಿಸಬೇಕಾಗುತ್ತದೆ ಎಂದು. ನನಗೆ ಮಾತ್ರವಲ್ಲ, ಎಲ್ಲರಿಗೂ. ಅವತ್ತೇ ಹೇಳಿದ್ದರೆ ಎಂದು ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಮಮ್ಮಿಗೆ ಹೇಳಿದೆ, ವಿಡಿಯೋ ಕಾಲ್‌ನಲ್ಲಿ. ಮೊದಲು ಫೋನ್ ಹಿಡಿದುಕೊಂಡೇ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ‘ಪಪ್ಪಾಗೆ ಗೊತ್ತಿತ್ತಾ?’ ಎಂದರು. ಗೊತ್ತಿತ್ತು, ನಾನೇ ಹೇಳಬೇಡಿ ಎಂದಿದ್ದೆ ಎಂದೆ. ‘ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರಾ ಆ ಮನುಷ್ಯ? ನನ್ನ ಹತ್ತಿರ?’ ಎಂದು ನಂಬಲಿಲ್ಲ. ನಿಮಗೆ ಇಷ್ಟರಲ್ಲೇ ಫೋನ್ ಬರಬಹುದು, ತಯಾರಾಗಿರಿ.

ಲವಿ


ಮುಸಫ್ಫಾ
16 ಫೆಬ್ರವರಿ 2025

ಲವಿ ಬಾಯೆ,

ಫೋನ್ ಬಂತು. ಬೈಗುಳ ಪೂರ್ತಿ ತಿಂದೆ. ಕೊನೆಗೆ ನಿನ್ನ ಮಮ್ಮಿ ಅತ್ತಳು, ನಾನೂ ಸ್ವಲ್ಪ.

ಇದು ನಿನ್ನಿಂದ ಏನನ್ನೂ ಕೇಳುವ ಪತ್ರವಲ್ಲ. ಮಮ್ಮಿ ಊರಿಂದ ಬಂದವರ ಕೈಯಲ್ಲಿ ಮಾವಿನ ಉಪ್ಪಿನಕಾಯಿ ಕಳಿಸಿದ್ದಾಳೆ, ಅರ್ಧ ನಿನಗೆ. ಇನ್ನರ್ಧವನ್ನು ನನ್ನ ರೂಮಿನವರು ಆಗಲೇ ಪತ್ತೆ ಹಚ್ಚಿದ್ದಾರೆ. ಯಾರ್ಡಿನಲ್ಲಿ ಹೊಸ ಹುಡುಗರು ಬಂದಿದ್ದಾರೆ, ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳಿ ಎಂದು ಹೇಳಿ ಹೇಳಿ ಗಂಟಲು ಕಟ್ಟಿದೆ. ಕೋಟು ಅದ್ದುಗೆ ಕೊಟ್ಟೆ. ಅವನಿಗೂ ಬಿಗಿಯಂತೆ, ಆದರೂ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಉಳ್ಳಾಲಕ್ಕೆ ಕಳಿಸಿದ್ದಾನೆ.

ನಿನ್ನ
ಪಪ್ಪಾ


ದುಬೈ, ಹಾಸ್ಟೆಲ್
12 ಮಾರ್ಚ್ 2025

ಪಪ್ಪಾ,

ಉಪ್ಪಿನಕಾಯಿ ಮುಗಿಯಿತು. ಪರೀಕ್ಷೆ ನಡೆಯುತ್ತಿದೆ. ಮೊದಲ ಎರಡು ಚೆನ್ನಾಗಿಯೇ ಬರೆದೆ.

ಈ ಪತ್ರವನ್ನು ಇಲ್ಲಿಗೇ ನಿಲ್ಲಿಸಿ ಸಹಿ ಹಾಕಿದ್ದೆ. ಮಡಿಸಿದ್ದನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ಈ ವಾರ ಪುನಃ ಏಳಲಾಗುತ್ತಿಲ್ಲ. ನಿನ್ನೆ ಪರೀಕ್ಷೆ ಇರಲಿಲ್ಲ, ಇಡೀ ದಿನ ಮಂಚದಲ್ಲೇ ಇದ್ದೆ, ಪರದೆ ಸರಿಸಲಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಿಸ್ ರೀಮ್‌ಗೆ ಇವತ್ತು ಬೆಳಿಗ್ಗೆ ಹೇಳಿದೆ, ಇಷ್ಟನ್ನು ಮೇಲೆ ತಿಳಿಸಬೇಕಾಗಿಲ್ಲ, ನಾಳೆ ಮತ್ತೆ ಬಾ ಎಂದಿದ್ದಾರೆ. ಅವತ್ತಿನ ಹಾಗೆ ಅಲ್ಲ. ಆ ಯೋಚನೆ ಬಂದಿಲ್ಲ. ಬಂದರೆ ಯಾವ ದಾರಿಯಲ್ಲಿ ಬರುತ್ತದೆ ಎಂದು ಗೊತ್ತಿದೆ, ಆ ದಾರಿ ಕಾಣುತ್ತಿದೆ. ಅದಕ್ಕೇ ಹೇಳುತ್ತಿದ್ದೇನೆ.

ಅಪಘಾತ ಅಲ್ಲ ಪಪ್ಪಾ. ಅದಕ್ಕೆ ಮುಂಚಿನದು.

ಲವಿ


ಅದ್ದುವಿನ ಪಿಕಪ್, ದುಬೈ ರಸ್ತೆ
13 ಮಾರ್ಚ್ 2025

ಲವಿ,

ರಮ್ಜಾನ್ ಆದ್ದರಿಂದ ಯಾರ್ಡು ಬೇಗ ಬಿಟ್ಟರು. ಅದ್ದು ನಿನ್ನ ಪತ್ರ ಕೊಟ್ಟು, ಇಫ್ತಾರ್‌ಗೆ ಮುಂಚೆ ಇನ್ನೊಂದು ಟ್ರಿಪ್ಪು ಇದೆ ಎಂದು ಹೊರಟಿದ್ದ. ಓದಿ ಪಕ್ಕದ ಸೀಟಿಗೆ ಹತ್ತಿದೆ. ‘ಎಂತ ಪೊರ್ಬುಲೆ, ಈಗ ದುಬೈಯಲ್ಲಿ ಎಂತ ಕೆಲಸ?’ ಎಂದ. ಮಗಳನ್ನು ನೋಡದೆ ತುಂಬಾ ದಿನವಾಯಿತು ಎಂದೆ. ಅವನು ಬೇರೆ ಏನೂ ಕೇಳಲಿಲ್ಲ.

ಗಾಡಿ ಕುಲುಕುತ್ತಿದೆ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ನೀನು ಹೇಳಿದ್ದು ಒಳ್ಳೆಯದಾಯಿತು.

ಇದನ್ನು ಹಾಸ್ಟೆಲ್‌ನ ಗೇಟಿನಲ್ಲಿ ನಿನಗೆಂದು ಕೊಟ್ಟು, ಹೊರಗೆ ಬೆಂಚು ಇದೆಯಲ್ಲ, ಅಲ್ಲಿ ಇರುತ್ತೇನೆ. ನಿನಗೆ ಇಳಿದು ಬರಲು ಆದಾಗ ಬಾ. ಅಬ್ರಾಕ್ಕೆ ಹೋಗೋಣ ಎಂದರೆ ಹೋಗೋಣ, ಬೇಡವೆಂದರೆ ಅಲ್ಲೇ ಕೂರೋಣ. ನಾನು ಏನೂ ಕೇಳುವುದಿಲ್ಲ.

ಈ ಪತ್ರವನ್ನು ಈ ಸಲ ಅದ್ದುವಿನ ಕೈಯಲ್ಲಿ ಕೊಡುವುದಿಲ್ಲ. ನಾನೇ ತರುತ್ತಿದ್ದೇನೆ.

ನಿನ್ನ
ಪಪ್ಪಾ